ಡ್ಯಾಫೋಡಿಲ್ ಎಲೆ ಕೊಯ್ದ ತಪ್ಪಿಗೆ

ಕಳೆದ ವರ್ಷ ಮಾರ್ಚ್ 1. ಇಲ್ಲಿ ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಅದು ಸೇಂಟ್ ಡೇವಿಡ್ಸ್ ಡೇ. ನಮಗೆ ನವೆಂಬರ್ 1 ಹೇಗೋ ವೇಲ್ಸ್‌ನವರಿಗೆ ಇದು ಹಾಗೆ. ಬಾವುಟ, ಮೆರವಣಿಗೆ, ಹಾಡು ಎಲ್ಲ ಇರುತ್ತೆ. ಪುಟ್ಟ ಹುಡುಗಿಯರು ಕಪ್ಪು ಉದ್ದ ಟೋಪಿ ಇಟ್ಟು, ಶಾಲು ಹೊದ್ದು ಶಾಲೆಗೆ ಹೋಗುತ್ತಾರೆ. ಹುಡುಗರಿಗೆ ಕೆಂಪು ರಗ್ಬಿ ಅಂಗಿ. ಎದೆ ಮೇಲೆ ಒಂದು ಹಳದಿ ಡ್ಯಾಫೋಡಿಲ್. ಮಗನ ಅಂಗಿಗೆ ಬಟ್ಟೆ ಹೂವಿನ ಪಿನ್ನು ಚುಚ್ಚಿ, ಅವನನ್ನು ಸ್ಕೂಲಿಗೆ ಬಿಟ್ಟು ವಾಪಸ್ ಬಂದೆ. ದಾರಿ ತುಂಬ ಹಳದಿ. ರಸ್ತೆ ಅಂಚಿನ ಹುಲ್ಲಲ್ಲಿ, ಸರ್ಕಲ್ಲಿನ ನಡುವೆ, ಚರ್ಚಿನ ಗೋಡೆ ಬುಡದಲ್ಲಿ, ಪೆಟ್ರೋಲ್ ಬಂಕಿನ ಬಕೆಟ್ಟಿನಲ್ಲಿ. ಮನೆಗೆ ಬಂದು ಕಾಫಿ ಲೋಟ ಹಿಡಿದು ಹಿತ್ತಲ ಕಿಟಕಿ ಹತ್ತಿರ ನಿಂತೆ. ನಮ್ಮ ಹಿತ್ತಲಲ್ಲಿ ಬರೀ ಹಸಿರು. ಸೊಂಪಾದ, ಉದ್ದುದ್ದ ಎಲೆ. ಹೂವು ಎಷ್ಟು ಅಂತ ಎಣಿಸಿದೆ. ಮತ್ತೆ ಎಣಿಸಿದೆ. ಅರವತ್ತು ಗೆಡ್ಡೆಗೆ ನಾಲ್ಕು ಹೂವು. ಊರಿಗೆಲ್ಲ ಹಬ್ಬ, ನಮ್ಮನೆಗೆ ಸೂತಕ ಅನ್ನೋ ಹಾಗೆ.

ಇದು ದೊಡ್ಡ ಕಷ್ಟವೇನಲ್ಲ, ಗೊತ್ತು. ಆದರೆ ಒಂದು ವಾರ ಅದೇ ಕೊರೆಯಿತು. ಕಾರಣ ಇದೆ. ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಕಡೆ ಹೂವಿನ ಗಿಡ ಬರಲಿಲ್ಲ ಅಂದರೆ ಮಳೆಗೆ ಕೊಳೆಯಿತು, ಬಸವನ ಹುಳ ತಿಂತು, ದನ ನುಗ್ಗಿತು, ಹೀಗೆ ಹೇಳೋಕೆ ಏನಾದರೂ ಇರುತ್ತೆ. ಇಲ್ಲಿ ನೆಪ ಇಲ್ಲ. ಡ್ಯಾಫೋಡಿಲ್ ಅಂದರೆ ಇಲ್ಲಿ ಯಾರೂ ನೋಡಿಕೊಳ್ಳದೆ, ರಸ್ತೆ ಬದಿ ಪೊದೆಯಲ್ಲಿ, ಇಪ್ಪತ್ತು ವರ್ಷ ತಾನಾಗಿ ಅರಳುವ ಹೂವು. ಇಂಥದ್ದನ್ನು ಬೆಳೆಸೋಕೆ ಬರಲಿಲ್ಲ ಅಂದರೆ ತುಂಬೆ ಗಿಡ ಬೆಳೆಸೋಕೆ ಬರಲಿಲ್ಲ ಅಂದ ಹಾಗೆ.

ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷ್ ಪದ್ಯದಿಂದ ಈ ಹೂವಿನ ಹೆಸರು ಎಲ್ಲರಿಗೂ ಗೊತ್ತು. ಮೇಷ್ಟ್ರೂ ಅದನ್ನು ನೋಡಿರಲಿಲ್ಲ, ನಾವೂ ನೋಡಿರಲಿಲ್ಲ. ‘ಹಳದಿ ಸೇವಂತಿಗೆ ತರಹ ಇರ್ತದೆ’ ಅಂದಿದ್ದರು. ಹಾಗಾಗಿ ಇಲ್ಲಿಗೆ ಬಂದ ಮೊದಲ ಜನವರಿಯಲ್ಲಿ ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಅದನ್ನು ಕಂಡಾಗ ಗುರುತೇ ಸಿಗಲಿಲ್ಲ. ಇಲ್ಲಿ ಅದನ್ನು ಅರಳಿಸಿ ಮಾರುವುದಿಲ್ಲ. ಮೊಗ್ಗಿನಲ್ಲೇ ಕೊಯ್ದು, ಹತ್ತು ಹದಿನೈದು ಕಾಂಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಬಕೆಟ್ಟಿನಲ್ಲಿ ನಿಲ್ಲಿಸುತ್ತಾರೆ. ಆಗ ಒಂದು ಕಟ್ಟಿಗೆ ಒಂದು ಪೌಂಡು. ನೋಡಿದರೆ ಥೇಟ್ ಈರುಳ್ಳಿ ಸೊಪ್ಪಿನ ಕಟ್ಟು. ಎರಡು ವಾರ ಅದರ ಪಕ್ಕದಲ್ಲೇ ಹಾದು ಹೋದೆ. ಪಲ್ಯಕ್ಕೆ ಒಂದು ಕಟ್ಟು ತಗೊಳ್ಳೋಣ ಅಂತ ಒಂದು ದಿನ ಕೈಯನ್ನೂ ಹಾಕಿದ್ದೆ. ಬೆಲೆ ಜಾಸ್ತಿ ಅನ್ನಿಸಿ ಬಿಟ್ಟೆ. ಹೀಗೆ ಜಿಪುಣತನ ಜೀವ ಉಳಿಸಿದ್ದೂ ಉಂಟು. ಇದು ನನ್ನೊಬ್ಬಳ ಪೆದ್ದುತನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯೇ ಅಂಗಡಿಗಳಿಗೆ ಪತ್ರ ಬರೆದಿತ್ತಂತೆ. ಡ್ಯಾಫೋಡಿಲ್‌ಗಳನ್ನು ತರಕಾರಿ ಹತ್ತಿರ ಇಡಬೇಡಿ, ಜನ ಸೊಪ್ಪು ಅಂತ ಅಡುಗೆಗೆ ಹಾಕುತ್ತಿದ್ದಾರೆ ಅಂತ.

ನೀರುಳ್ಳಿ ಬುಟ್ಟಿ

ಅರವತ್ತು ಗೆಡ್ಡೆ ತಂದದ್ದು 2022ರ ಸೆಪ್ಟೆಂಬರ್ ಕೊನೆಯಲ್ಲಿ. ಅಮ್ಮ ಆರು ತಿಂಗಳ ವೀಸಾದಲ್ಲಿ ಆಗಷ್ಟೇ ಬಂದಿದ್ದಳು. ನಾನು ಗಾರ್ಡನ್ ಸೆಂಟರ್‌ನಿಂದ ಕೆಂಪು ಬಲೆ ಚೀಲದಲ್ಲಿ ಗೆಡ್ಡೆ ತಂದು ಅಡುಗೆಮನೆ ಮೂಲೆಯಲ್ಲಿಟ್ಟು ಕೆಲಸಕ್ಕೆ ಹೋದೆ. ಹೇಳುವುದು ಮರೆತೆ. ಆ ಬಲೆ ಚೀಲವನ್ನು, ಆ ಕಂದು ಸಿಪ್ಪೆಯನ್ನು ನೋಡಿದರೆ ಯಾರಿಗಾದರೂ ಏನು ಅನ್ನಿಸಬೇಕೋ ಅಮ್ಮನಿಗೂ ಅದೇ ಅನ್ನಿಸಿದೆ. ಎಲ್ಲವನ್ನೂ ಬುಟ್ಟಿಗೆ ಸುರಿದು, ಇದ್ದ ಈರುಳ್ಳಿ ಜೊತೆ ಸೇರಿಸಿ ಇಟ್ಟಿದ್ದಾಳೆ.

ಸಂಜೆ ಬಾಗಿಲು ತೆಗೆದು ಒಳಗೆ ಬಂದೆ. ಒಲೆ ಮೇಲೆ ಹುಳಿಗೆ ಬೇಳೆ ಬೇಯುತ್ತಿತ್ತು. ಅಮ್ಮ ಚಾಕು ಹಿಡಿದು, ಹಲಗೆ ಮೇಲೆ ಎರಡು ಹೋಳಾದ ಗೆಡ್ಡೆಯನ್ನು ನೋಡುತ್ತ ನಿಂತಿದ್ದಳು. ನನ್ನ ಮುಖ ನೋಡದೆ ಹೇಳಿದಳು.

“ಎಂತಾ ನೀರುಳ್ಳಿ ಮಾರಾಯ್ತಿ ನೀನು ತಂದದ್ದು? ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ಲ.”

ನಾನು ಚೀಲ ಬಿಸಾಕಿ ಕೂಗಿಕೊಂಡೆ. ಅಮ್ಮ ಸಿಟ್ಟಾದಳು. “ಕಿರುಚಬೇಡ. ನಾನೇನು ಹಾಕಿದ್ನಾ? ಮೂಸಿ ನೋಡಿದೆ. ವಾಸನೆಯೇ ಇಲ್ಲ. ವಾಸನೆ ಇಲ್ಲದ ನೀರುಳ್ಳಿ ಬೇಲಿ ಬದಿ ಕಾಡುನೀರುಳ್ಳಿ ಇದ್ದ ಹಾಗೆ. ಅದನ್ನ ದನವೂ ಮುಟ್ಟುದಿಲ್ಲ.” ಹೀಗೆ ಹೇಳಿ ಹೋಳನ್ನು ನನ್ನ ಮೂಗಿಗೆ ಹಿಡಿದಳು. ನಿಜ. ಹಸಿ ಮಣ್ಣಿನ ಹಾಗೆ ಏನೋ ಒಂದು, ಅಷ್ಟೇ.

ಅಮ್ಮನ ಮೂಗು ಹೇಳಿದ್ದು ಸರಿ ಇತ್ತು. ಡ್ಯಾಫೋಡಿಲ್ ಗೆಡ್ಡೆಯಲ್ಲಿ ಲೈಕೋರಿನ್ ಅನ್ನೋ ವಿಷ ಇದೆ. ತಿಂದರೆ ವಾಂತಿ, ಹೊಟ್ಟೆನೋವು. 2009ರಲ್ಲಿ ಸಫೋಕ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಸೂಪ್ ಮಾಡುವಾಗ ಈರುಳ್ಳಿ ಜೊತೆ ಇದೂ ಒಂದು ಬಿದ್ದು, ಸುಮಾರು ಹನ್ನೆರಡು ಮಕ್ಕಳು ಹುಷಾರು ತಪ್ಪಿದ್ದರು. ಬೇಯಿಸಿದರೆ ಹೋಗುವ ವಿಷ ಅಲ್ಲ ಇದು. ಸಸ್ಯಶಾಸ್ತ್ರದವರು ಈಗ ಈರುಳ್ಳಿ, ಬೆಳ್ಳುಳ್ಳಿ, ಡ್ಯಾಫೋಡಿಲ್ ಮೂರನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ವೆಲ್ಷ್ ಭಾಷೆಯಲ್ಲಿ ಡ್ಯಾಫೋಡಿಲ್‌ಗೆ ‘ಕೆನ್‌ಹಿನೆನ್ ಬೆಡರ್’ ಅನ್ನುತ್ತಾರೆ. ಅಂದರೆ ಪೀಟರನ ಲೀಕ್. ಲೀಕ್ ಅಂದರೆ ಇಲ್ಲಿನ ಉದ್ದ ಈರುಳ್ಳಿ ಜಾತಿಯ ತರಕಾರಿ. ವೇಲ್ಸ್‌ನ ಹಳೇ ಗುರುತು ಅದೇ, ಈ ಹೂವು ಆಮೇಲೆ ಬಂದದ್ದು. ಅಮ್ಮನಿಗೆ ಇದನ್ನು ಹೇಳಿದಾಗ, ‘ಮತ್ತೆ? ಇಲ್ಲಿಯವರಿಗೂ ಹಾಗೇ ಕಂಡಿದೆ’ ಅಂತ ಒಂದು ಗೆಲುವಿನ ನಗೆ ನಕ್ಕಳು.

ರಾತ್ರಿ ಅಮ್ಮನ ಕೈ ತುರಿಸತೊಡಗಿತು. ಬೆರಳ ಸಂದಿಯಲ್ಲಿ ಸಣ್ಣಗೆ ಕೆಂಪು. ಇಲ್ಲಿ ಹೊಲದಲ್ಲಿ ಹೂ ಕೊಯ್ಯುವವರಿಗೆ ಇದು ಮಾಮೂಲಿ ಕಾಯಿಲೆಯಂತೆ. ಕಾಂಡದ ಲೋಳೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತವೆ. ನಮ್ಮ ಕೆಸುವಿನಲ್ಲಿ, ಸುವರ್ಣಗೆಡ್ಡೆಯಲ್ಲಿ ಇರುವುದೂ ಅದೇ ಹರಳು. ಅಮ್ಮ ಯಾರನ್ನೂ ಕೇಳಲಿಲ್ಲ, ಗೂಗಲ್ಲೂ ಮಾಡಲಿಲ್ಲ. ಹುಣಸೆಹಣ್ಣು ಕಿವುಚಿ ಕೈಗೆ ತಿಕ್ಕಿಕೊಂಡು ಮಲಗಿದಳು.

ಆ ಎರಡು ಹೋಳನ್ನು ನಾನು ಎಸೆಯಲಿಲ್ಲ. ಕಿಟಕಿ ಕಟ್ಟೆ ಮೇಲೆ ಮೂರು ದಿನ ಇತ್ತು. ಉದ್ದಕ್ಕೆ ಸೀಳಿದ್ದು. ಬಿಳಿ ಪದರ, ಅದರೊಳಗೆ ಪದರ, ನಟ್ಟ ನಡುವೆ ಹಳದಿ ಮಿಶ್ರಿತ ಹಸಿರಿನ ಒಂದು ಪುಟ್ಟ ಚೂಪು. ಭತ್ತದ ಕಾಳಿನಷ್ಟು ಇರಬಹುದು. ಮೊಳಕೆ ಅಂದುಕೊಂಡೆ. ಅಮ್ಮ ಅದನ್ನು ಉಗುರಲ್ಲಿ ಬಿಡಿಸಿ ನೋಡಿ, “ಒಳಗೆ ಎಲ್ಲಾ ಕಟ್ಟಿಟ್ಟುಕೊಂಡೇ ಬಂದಿದೆ” ಅಂದಳು. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ನೆಟ್ಟದ್ದು, ಅರಳಿದ್ದು

ನೆಡುವುದರಲ್ಲಿ ಹೇಳುವಂಥದು ಹೆಚ್ಚಿಲ್ಲ. ಅಕ್ಟೋಬರ್ ಮೊದಲ ವಾರ. ಗೆಡ್ಡೆ ಎಷ್ಟು ಎತ್ತರವೋ ಅದರ ಎರಡು ಮೂರು ಪಾಲು ಆಳದ ಗುಂಡಿ, ಮೂಗು ಮೇಲೆ. ಕಾರ್ಡಿಫ್‌ನ ಮಣ್ಣು ಜೇಡಿ. ನಮ್ಮ ಪುಟ್ಟ ಕೈ ಸಲಿಕೆ ಅಮ್ಮನಿಗೆ ಸಿಟ್ಟು ತರಿಸಿತು. ‘ಇದರಲ್ಲಿ ಪಾಯಸ ಬಡಿಸಬಹುದು’ ಅಂದಳು. ಒಂದು ಗುದ್ದಲಿ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ ಅಂತ ಗೊಣಗುತ್ತಲೇ ಎರಡು ದಿನ ನೆಟ್ಟಳು. ತಂದದ್ದರಲ್ಲಿ ದೊಡ್ಡ ಹೂವಿನದು ನಲವತ್ತು, ಟೆಟ್-ಅ-ಟೆಟ್ ಅನ್ನೋ ಗಿಡ್ಡ ಜಾತಿ ಇಪ್ಪತ್ತು. ದೊಡ್ಡದರ ಚೀಟಿಯಲ್ಲಿ ‘ಕಿಂಗ್ ಆಲ್ಫ್ರೆಡ್’ ಅಂತ ಇತ್ತು. 1899ರ ಹೆಸರುವಾಸಿ ತಳಿ ಅದು. ಆದರೆ ಈಗ ಆ ಹೆಸರಲ್ಲಿ ಮಾರುವುದು ಹೆಚ್ಚಾಗಿ ಬೇರೆ ತಳಿ. ಬೆಂಗಳೂರಿನ ಗಾಡಿ ಮೇಲಿರುವ ಬಾಳೆಹಣ್ಣೆಲ್ಲ ನಂಜನಗೂಡು ರಸಬಾಳೆ ಆಗುತ್ತಲ್ಲ, ಹಾಗೆ.

ಅಮ್ಮನಿಗೆ ಗೆಡ್ಡೆ ಹೊಸದಲ್ಲ. ಡೇರೆ, ಅಂದರೆ ಡೇಲಿಯಾ ಹೂವು, ಬೆಳೆಸುವವಳು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯೆಲ್ಲ ಗೆಡ್ಡೆಯನ್ನು ಮರಳಿನಲ್ಲಿ ಮುಚ್ಚಿ ಕಾಪಾಡಿ, ಮೊದಲ ಮಳೆಗೆ ಹೊರತೆಗೆದು, ಕಣ್ಣು ಇದೆಯಾ ಅಂತ ತಿರುಗಿಸಿ ತಿರುಗಿಸಿ ನೋಡಿ ನೆಡುವುದು. ಶ್ರಾವಣಕ್ಕೆ ಅಂಗಳ ತುಂಬ ತಟ್ಟೆಯಷ್ಟು ದೊಡ್ಡ ಹೂವು. ನೆಂಟರ ಮನೆಗೆ ಹೋದರೆ ಕಾಫಿ ಕುಡಿಯುವ ಮೊದಲು ಅಂಗಳಕ್ಕೆ ಒಂದು ಸುತ್ತು. ಹೊರಡುವಾಗ ಸೆರಗಿನಲ್ಲಿ ಒಂದು ಗೆಡ್ಡೆ. ಇಷ್ಟು ನಮ್ಮದಾದ ಡೇರೆ ಮೂಲದಲ್ಲಿ ಮೆಕ್ಸಿಕೋದ್ದು. ಅಮ್ಮ ಈಗಲೂ ಇದನ್ನು ನಂಬುವುದಿಲ್ಲ. ‘ನನ್ನ ಅಜ್ಜಿ ಮೆಕ್ಸಿಕೋಕ್ಕೆ ಹೋಗಿದ್ಲಾ?’ ಅಂತ ಕೇಳುತ್ತಾಳೆ.

ಡಿಸೆಂಬರ್ ಕೊನೆಗೆ ಮಣ್ಣಿನಿಂದ ಹಸಿರು ಮೂಗು ಇಣುಕಿದಾಗ ಅಮ್ಮನಿಗೆ ಆಶ್ಚರ್ಯ. ಹೊರಗೆ ಕೈ ಹಾಕಲಾಗದ ಚಳಿ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ. “ಇದಕ್ಕೆ ಎಂತಾ ಸಾವು ಅವಸರ?” ಅಂತ ಕಿಟಕಿಯಿಂದ ನೋಡುತ್ತಿದ್ದಳು. ಅವಸರ ಅಲ್ಲ, ಅದಕ್ಕೆ ಚಳಿಯೇ ಬೇಕು. ಹನ್ನೆರಡರಿಂದ ಹದಿನಾರು ವಾರ ತಂಪು ಸಿಗದಿದ್ದರೆ ಕಾಂಡ ಉದ್ದ ಆಗುವುದಿಲ್ಲ, ಹೂವು ಸರಿಯಾಗಿ ಏಳುವುದಿಲ್ಲ. ಜನವರಿಯಲ್ಲಿ ಒಂದು ದಿನ ಹಿಮ ಬಿದ್ದು ಎಲೆಗಳೆಲ್ಲ ನೆಲಕ್ಕೆ ಒರಗಿದವು. ಸತ್ತವು ಅಂದುಕೊಂಡೆವು. ಮಾರನೇ ದಿನ ಬಿಸಿಲು ಬಂದಾಗ ಒಂದೊಂದೇ ಎದ್ದು ನಿಂತವು.

ಫೆಬ್ರವರಿ ಮೂರನೇ ವಾರ ಗಿಡ್ಡ ಜಾತಿ ಅರಳಿತು. ಅದು ಅರಳುವುದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು. ಮೊಗ್ಗು ಮೊದಲು ಪೆನ್ಸಿಲ್ಲಿನ ಹಾಗೆ ನೆಟ್ಟಗೆ ಆಕಾಶ ನೋಡಿಕೊಂಡು ಬರುತ್ತೆ. ಮೇಲೆ ಈರುಳ್ಳಿ ಸಿಪ್ಪೆಯಂಥದೇ ತೆಳು ಹೊದಿಕೆ. ಆಮೇಲೆ ಒಂದು ದಿನ ಕತ್ತು ಬಾಗುತ್ತೆ. ಬಾಗಿದ ಕಡೆಯಿಂದಲೇ ಹೊದಿಕೆ ಸೀಳುತ್ತೆ. ಆರು ದಳ ಹಿಂದಕ್ಕೆ, ನಡುವಿನ ತುತ್ತೂರಿ ಮುಂದಕ್ಕೆ. ಸಿಪ್ಪೆ ಮಾತ್ರ ಕತ್ತಿನ ಹಿಂದೆ ಒಣಗಿಕೊಂಡು ನೇತಾಡುತ್ತೆ, ಬೀಳುವುದಿಲ್ಲ. ಮಳೆ ಬಂದರೆ ತುತ್ತೂರಿಗೆ ನೀರು ತುಂಬದ ಹಾಗೆ ಈ ಬಾಗು ಅಂತ ನನಗೆ ಅನ್ನಿಸಿತು. ಮಳೆ ಊರಿನ ಹೂವು, ಮಳೆಗೆ ತಲೆ ತಗ್ಗಿಸುವುದು ಅದಕ್ಕೆ ಗೊತ್ತು. ಇಲ್ಲಿ ವರ್ಷಕ್ಕೆ 1,150 ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳು ಅದರ ಎರಡರಷ್ಟು ಸುರಿಯುತ್ತೆ. ಆದರೂ ಇಲ್ಲಿಯವರು ಮಳೆ ಬಗ್ಗೆ ಮಾತಾಡುವುದು ನೋಡಿದರೆ ನಮಗೇ ಮರುಕ ಬರಬೇಕು.

ಅಮ್ಮನ ತೀರ್ಪು ಹೀಗಿತ್ತು. ಚೆಂದ ಇದೆ. ಡೇರೆ ಮುಂದೆ ಏನೂ ಅಲ್ಲ. ದೇವರ ಫೋಟೋಗೆ ಇಟ್ಟಳು, ಕಾಂಡದಿಂದ ಲೋಳೆ ಸೋರಿ ಪೀಠ ಅಂಟಾಯಿತು. ಮಾಲೆ ಕಟ್ಟೋಣ ಅಂದರೆ ಟೊಳ್ಳು ಕಾಂಡ, ದಾರ ಬಿಗಿದರೆ ಕತ್ತರಿಸಿ ಹೋಗುತ್ತೆ. ನಮ್ಮವರು ನನ್ನ ಹುಟ್ಟುಹಬ್ಬಕ್ಕೆ ತಂದ ಟ್ಯುಲಿಪ್ ಜೊತೆ ಒಂದೇ ಹೂದಾನಿಯಲ್ಲಿಟ್ಟಳು. ಮಾರನೇ ಬೆಳಿಗ್ಗೆಗೆ ಟ್ಯುಲಿಪ್ ಕತ್ತು ಚೆಲ್ಲಿತ್ತು. ಅದು ಲೋಳೆಯ ಕೆಲಸ. ಬೇರೆ ಹೂವಿನ ಜೊತೆ ಇಡಬೇಕಾದರೆ ಇದನ್ನು ಒಂದು ರಾತ್ರಿ ಬೇರೆ ನೀರಿನಲ್ಲಿ ನಿಲ್ಲಿಸಿ, ಆಮೇಲೆ ಕಾಂಡ ಮತ್ತೆ ಕತ್ತರಿಸದೆ ಸೇರಿಸಬೇಕಂತೆ. “ಯಾರ ಜೊತೆಯೂ ಹೊಂದದ ಸೊಸೆ” ಅಂತ ಅಮ್ಮ ಅದಕ್ಕೊಂದು ಹೆಸರಿಟ್ಟಳು. ಹೇಳಿ ನನ್ನ ಕಡೆ ಯಾಕೆ ನೋಡಿದಳೋ ಗೊತ್ತಾಗಲಿಲ್ಲ.

ಆದರೂ ಮಾರ್ಚ್ ಮಧ್ಯದಲ್ಲಿ ಹೊರಡುವಾಗ ನಾಲ್ಕು ಗೆಡ್ಡೆ ಸೂಟ್‌ಕೇಸಿನಲ್ಲಿ ಹಾಕಿಕೊಡು ಅಂದಳು. ಹೂ ಬಿಟ್ಟ ಗಿಡವನ್ನು ಕಿತ್ತು! ನಾನು ಬೇಡ ಅಂದೆ. ಸರ್ಟಿಫಿಕೇಟ್ ಇಲ್ಲದೆ ಗೆಡ್ಡೆ ಒಯ್ಯುವ ಹಾಗಿಲ್ಲ, ಒಯ್ದರೂ ತೀರ್ಥಹಳ್ಳಿಯ ಸೆಕೆಗೆ ಏಳುವುದಿಲ್ಲ. ಬೆಂಗಳೂರಿನಲ್ಲಿ ನನ್ನ ಗೆಳತಿಯೊಬ್ಬಳು ಗೆಡ್ಡೆಯನ್ನು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಪ್ರಯೋಗ ಮಾಡಿದ್ದಳು. ತರಕಾರಿ ಟ್ರೇಯಲ್ಲಿ ಸೇಬಿನ ಪಕ್ಕ. ಸೇಬು ಹಣ್ಣಾಗುವಾಗ ಬಿಡುವ ಗಾಳಿಗೆ ಒಳಗಿನ ಮೊಗ್ಗು ಸತ್ತು ಹೋಗುತ್ತೆ ಅಂತ ಅವಳಿಗೆ ಆಮೇಲೆ ಗೊತ್ತಾಯಿತು. ನಮ್ಮ ದೇಶದಲ್ಲಿ ಈ ಜಾತಿ ಇಲ್ಲವೇ ಇಲ್ಲ ಅಂತಲ್ಲ. ಕಾಶ್ಮೀರದಲ್ಲಿ ಚಳಿ ಮುಗಿಯುವಾಗ ಅರಳುವ ‘ಯೆಂಬರ್ಜಲ್’ ಇದರ ದಾಯಾದಿ. ಉರ್ದುವಿನಲ್ಲಿ ನರ್ಗಿಸ್. ನಮಗೆ ನರ್ಗಿಸ್ ಅಂದರೆ ಸಿನಿಮಾ ನಟಿ ಮಾತ್ರ ನೆನಪಾಗುವುದು, ಅದು ಬೇರೆ ವಿಷಯ.

ಸೊಪ್ಪು

ತಪ್ಪು ನಡೆದದ್ದು ಅಮ್ಮ ಹೋದ ಮೇಲೆ. ಏಪ್ರಿಲ್ ಮೊದಲ ವಾರಕ್ಕೆ ಹೂವೆಲ್ಲ ಮುಗಿಯಿತು. ಉಳಿದದ್ದು ಸೊಪ್ಪು. ಡ್ಯಾಫೋಡಿಲ್ ಫೋಟೋಗಳಲ್ಲಿ ಈ ಸೊಪ್ಪನ್ನು ಯಾರೂ ತೋರಿಸುವುದಿಲ್ಲ. ಮೊದಲು ಒರಗುತ್ತೆ. ಆಮೇಲೆ ತುದಿ ಹಳದಿ ಆಗುತ್ತೆ. ಆಮೇಲೆ ನೆಲದ ಮೇಲೆ ಒದ್ದೆ ಕೂದಲಿನ ಹಾಗೆ ಹರಡಿಕೊಂಡು ಬೀಳುತ್ತೆ. ಬೇಗ ಸಾಯುವುದೂ ಇಲ್ಲ. ನಮ್ಮ ಹಿತ್ತಲಿಗೆ ನೋಡೋಕೆ ಇರುವುದೇ ಎರಡು ಮಂಚದಷ್ಟು ಜಾಗ. ಅದರ ಅರ್ಧ ಭಾಗ ಈ ಜೊಂಡು.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ. ಮಾತು ಮಾತಿಗೆ ‘ಲವ್’ ಅನ್ನುತ್ತಾರೆ, ಪೋಸ್ಟ್‌ಮ್ಯಾನ್‌ಗೂ, ನಮ್ಮವರಿಗೂ. ಅವರ ಹಿತ್ತಲಲ್ಲಿ ಇನ್ನೂರಕ್ಕೆ ಕಡಿಮೆ ಇಲ್ಲದಷ್ಟು ಡ್ಯಾಫೋಡಿಲ್. ದಿನಾ ಸಂಜೆ ಕೋಲು ಊರಿಕೊಂಡು ಬಂದು ಬಾಡಿದ ಹೂವನ್ನು ಚಿವುಟಿ ಚಿವುಟಿ ಬುಟ್ಟಿಗೆ ಹಾಕುತ್ತಿದ್ದರು. ಕ್ಲೀನ್ ಮಾಡುತ್ತಿದ್ದಾರೆ ಅಂದುಕೊಂಡೆ. ಬೇಲಿ ಮೇಲಿಂದ ಒಂದು ದಿನ ನನಗೂ ಹೇಳಿದರು. ತಲೆ ಮಾತ್ರ ಚಿವುಟು ಲವ್, ಉಳಿದದ್ದರ ಕಡೆ ಆರು ವಾರ ನೋಡಲೇಬೇಡ. ನಾನು ನಕ್ಕು ತಲೆ ಆಡಿಸಿದೆ. ಈ ದೇಶದಲ್ಲಿ ಜನ ಹವಾಮಾನದ ಬಗ್ಗೆ, ತೋಟದ ಬಗ್ಗೆ ಸುಮ್ನೆ ಏನಾದರೂ ಹೇಳುತ್ತಲೇ ಇರುತ್ತಾರೆ. ಅದೂ ಹಾಗೇ ಒಂದು ಅಂದುಕೊಂಡೆ.

ಏಪ್ರಿಲ್ 15, ಶನಿವಾರ, ಮಗನ ಹುಟ್ಟುಹಬ್ಬ. ಅವನ ಕ್ಲಾಸಿನ ಹದಿನಾಲ್ಕು ಮಕ್ಕಳು ಬರುವವರಿದ್ದರು. ಗಾಳಿ ತುಂಬಿಸಿ ಕುಣಿಯುವ ಕೋಟೆಯೊಂದನ್ನು ಬಾಡಿಗೆಗೆ ಹೇಳಿದ್ದೆವು. ಅದನ್ನು ಇಡಲು ಜಾಗ ಬೇಕು. ಜೊತೆಗೆ ಆ ಮಕ್ಕಳ ಅಮ್ಮಂದಿರೂ ಬರುತ್ತಾರೆ. ಹಿತ್ತಲು ಹೀಗಿದ್ದರೆ ಏನಂದುಕೊಳ್ಳುತ್ತಾರೆ? ನಿಜ ಹೇಳಬೇಕೆಂದರೆ ಕೋಟೆಗಿಂತ ಇದೇ ದೊಡ್ಡ ಕಾರಣ. ಶುಕ್ರವಾರ ಸಂಜೆ ಅಡುಗೆಮನೆಯ ಕತ್ತರಿ ತಂದೆ. ಒಂದೊಂದು ಬುಡವನ್ನು ಜಡೆ ಹಿಡಿದ ಹಾಗೆ ಎಡಗೈಯಲ್ಲಿ ಹಿಡಿದು ಕಚಕ್ ಕಚಕ್ ಕೊಯ್ದೆ. ಎಲೆ ಇನ್ನೂ ಹಸಿರಾಗಿಯೇ ಇತ್ತು. ರಸ ಕೈಗೆಲ್ಲ ಮೆತ್ತಿತು. ಅರ್ಧ ಗಂಟೆಯಲ್ಲಿ ಹಿತ್ತಲು ಗುಡಿಸಿದ ಅಂಗಳದ ಹಾಗಾಯಿತು. ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಖುಷಿಪಟ್ಟೆ. ಬೇಲಿ ಆಚೆ ಅಜ್ಜಿ ನಿಂತಿದ್ದರು. ಏನೂ ಹೇಳಲಿಲ್ಲ. ‘ಓ, ಲವ್’ ಅಂದರು, ಅಷ್ಟೇ. ಹೊಗಳಿದರು ಅಂದುಕೊಂಡೆ.

ಕಣ್ಣಿಲ್ಲದ್ದು

ಹೀಗೆ ಬರೀ ಎಲೆ ಬಂದು ಹೂ ಬಾರದಿದ್ದರೆ ಇಲ್ಲಿಯವರು ಗೆಡ್ಡೆ ‘ಕುರುಡಾಯಿತು’ ಅನ್ನುತ್ತಾರೆ. ಈ ಮಾತು ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ಡೇರೆ ಗೆಡ್ಡೆಯ ‘ಕಣ್ಣು’ ನೆನಪಾಯಿತು. ನಾವು ಮೊಗ್ಗಿಗೆ ಕಣ್ಣು ಅನ್ನುತ್ತೇವೆ, ಅವರು ಮೊಗ್ಗಿಲ್ಲದ್ದಕ್ಕೆ ಕುರುಡು ಅನ್ನುತ್ತಾರೆ. ಎರಡೂ ಊರಿನ ತೋಟದವರು ಒಂದೇ ಜಗಲಿ ಮೇಲೆ ಕೂತು ಮಾತಾಡಿಕೊಂಡ ಹಾಗಿದೆ.

ಆ ಮಾರ್ಚ್ ಒಂದರ ಮಧ್ಯಾಹ್ನವೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆ. ಅಮ್ಮ ಜಗಲಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಳು. ಫೋನನ್ನು ಡಬ್ಬಿಗೆ ಒರಗಿಸಿಟ್ಟಿದ್ದರಿಂದ ಅರ್ಧ ಮುಖ, ಅರ್ಧ ಮೆಟ್ಟುಕತ್ತಿ ಕಾಣುತ್ತಿತ್ತು. ನಾನು ಕ್ಯಾಮೆರಾ ಹಿತ್ತಲಿಗೆ ತಿರುಗಿಸಿ ತೋರಿಸಿದೆ. ಗೊಬ್ಬರ ಕಡಿಮೆ ಆಯಿತೇನೋ, ಜೇಡಿ ಮಣ್ಣಿಗೇ ಹೀಗೇನೋ, ಅಂಗಡಿಯವರು ಕೆಟ್ಟ ಗೆಡ್ಡೆ ಕೊಟ್ಟರೇನೋ ಅಂತ ಒಂದೇ ಉಸಿರಿಗೆ ಹೇಳಿದೆ. ಅಮ್ಮ ಅಡಿಕೆಯಿಂದ ತಲೆ ಎತ್ತಲಿಲ್ಲ.

“ಹೋದ ವರ್ಷ ಎಲೆ ಎಂತ ಮಾಡಿದೆ?”

“ಕೊಯ್ದೆ. ಗಲೀಜು ಕಾಣ್ತಿತ್ತು.”

“ಒಣಗಿದ ಮೇಲಾ?”

ನಾನು ಸುಮ್ಮನಾದೆ. ಅಮ್ಮ ಈಗ ತಲೆ ಎತ್ತಿದಳು. “ಅಲ್ಲ ಮಾರಾಯ್ತಿ, ಸುವರ್ಣಗೆಡ್ಡೆಯ ಎಲೆ ಒಣಗುವ ಮೊದಲು ಕೊಯ್ತಾರಾ ಯಾರಾದ್ರೂ? ಅರಿಶಿನದ್ದು? ಶುಂಠಿದು? ಇಷ್ಟು ವರ್ಷ ಈ ಮನೆಯಲ್ಲಿ ಎಂತ ನೋಡಿದೆ ನೀನು?”

ನೋಡಿದ್ದೆ. ಅದೇ ನನ್ನನ್ನು ಕೊರೆದದ್ದು. ಹಿತ್ತಲ ಕೊಟ್ಟಿಗೆ ಪಕ್ಕ ಸುವರ್ಣಗೆಡ್ಡೆಯ ಕೊಡೆಯಂಥ ಎಲೆ ಮಳೆಗಾಲ ಪೂರ್ತಿ ನಿಂತಿರುತ್ತಿತ್ತು. ಮಳೆ ನಿಂತ ಮೇಲೆ ಹಳದಿ ಆಗಿ, ಬಾಗಿ, ಕೊಳೆತು ಕುಸಿಯುತ್ತಿತ್ತು. ಅದು ಪೂರ್ತಿ ಬಿದ್ದು ಗುರುತೂ ಸಿಗದ ಹಾಗೆ ಆದ ಮೇಲೇ ಅಪ್ಪ ಗುದ್ದಲಿ ಹಿಡಿಯುತ್ತಿದ್ದದ್ದು. ಎಲೆ ಸಾಯುತ್ತ ಸಾಯುತ್ತ ಗೆಡ್ಡೆ ಕಟ್ಟುತ್ತೆ. ಇದನ್ನು ನನಗೆ ಯಾರೂ ಪಾಠ ಮಾಡಿರಲಿಲ್ಲ, ಹಾಗೇ ಗೊತ್ತಿತ್ತು. ಆದರೆ ಡ್ಯಾಫೋಡಿಲ್ ವಿಷಯದಲ್ಲಿ ನನಗೆ ಅದು ಹೊಳೆಯಲೇ ಇಲ್ಲ. ಯಾಕೆಂದರೆ ಇದನ್ನು ನಾನು ಒಂದು ದಿನವೂ ಗೆಡ್ಡೆ ಅಂತ ನೋಡಿರಲಿಲ್ಲ. ಪದ್ಯದಲ್ಲಿ ಹೂವು. ಬಕೆಟ್ಟಿನಲ್ಲಿ ಹೂವು. ಚೀಟಿ ಮೇಲಿನ ಚಿತ್ರದಲ್ಲಿ ಹೂವು. ಕೊಂಡದ್ದು ಗೆಡ್ಡೆ ಆದರೂ ನನ್ನ ತಲೆಯಲ್ಲಿ ಹೂವನ್ನೇ ಕೊಂಡಿದ್ದೆ. ಅಮ್ಮನಿಗೆ ಉಲ್ಟಾ. ಪದ್ಯ ಗೊತ್ತಿಲ್ಲ, ಹೆಸರು ಇವತ್ತಿಗೂ ಸರಿಯಾಗಿ ಬರುವುದಿಲ್ಲ, ‘ಡಫೆಡಿಲ್ಲ’ ಅನ್ನುತ್ತಾಳೆ. ಅವಳಿಗೆ ಅದು ಮೊದಲ ದಿನದಿಂದಲೂ ಗೆಡ್ಡೆ. ಮೊದಲು ತಿನ್ನುವ ಗೆಡ್ಡೆ, ಆಮೇಲೆ ತಿನ್ನಬಾರದ ಗೆಡ್ಡೆ.

ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದ ಆ ಹೋಳು ಆಗ ನೆನಪಾಯಿತು. ಭತ್ತದ ಕಾಳಿನಷ್ಟಿದ್ದ ಆ ಚೂಪು ಮೊಳಕೆ ಅಲ್ಲ, ಹೂವೇ. ಹೂ ಮುಗಿದ ಮೇಲೆ ಎಲೆ ಬಿಸಿಲು ಕುಡಿದು ಅನ್ನ ಮಾಡಿ ಕೆಳಗೆ ಕಳಿಸುತ್ತೆ. ಗೆಡ್ಡೆಯ ಪದರ ದಪ್ಪ ಆಗುತ್ತೆ. ಮೇ ಜೂನ್ ಹೊತ್ತಿಗೆ, ಮೇಲೆ ಎಲೆ ಸಾಯುತ್ತಿರುವಾಗಲೇ, ಒಳಗೆ ಮುಂದಿನ ವರ್ಷದ ಮೊಗ್ಗು ಕೂರುತ್ತೆ. ನಾವು ಸೆಪ್ಟೆಂಬರಿನಲ್ಲಿ ಅಂಗಡಿಯಲ್ಲಿ ಕೊಳ್ಳುವಾಗ ಹೂವು ಆಗಲೇ ಒಳಗೆ ತಯಾರಿರುತ್ತೆ. ಅಂದರೆ ಅಮ್ಮ ನೋಡಿ ಹೋದ ಮೊದಲ ವರ್ಷದ ಹೂವಿನಲ್ಲಿ ನನ್ನದೇನೂ ಇರಲಿಲ್ಲ. ಲಿಂಕನ್‌ಶೈರ್‌ನಲ್ಲೋ ಕಾರ್ನ್‌ವಾಲ್‌ನಲ್ಲೋ ಹಾಲೆಂಡಿನಲ್ಲೋ ಯಾವುದೋ ರೈತನ ಹೊಲದಲ್ಲಿ ಬಿಸಿಲು ಕುಡಿದ ಎಲೆಯ ಹೂವು ಅದು. ನಾನು ಮಣ್ಣು ಮುಚ್ಚಿದ್ದೆ, ಅಷ್ಟೇ. ನನ್ನ ಹಿತ್ತಲ ಎಲೆಯ ಹೂವು ಬರಬೇಕಾಗಿದ್ದದ್ದು ಎರಡನೇ ವರ್ಷ. ಅದನ್ನು ನಾನು ಅಡುಗೆಮನೆ ಕತ್ತರಿಯಲ್ಲಿ ಕೊಯ್ದು ಕಸದ ಬುಟ್ಟಿಗೆ ಹಾಕಿದ್ದೆ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆಲ್ಲ ಹಾಕಿ ‘ನಮ್ಮನೆ ಹೂವು’ ಅಂದದ್ದು ನೆನೆದರೆ ಈಗ ಸ್ವಲ್ಪ ನಾಚಿಕೆ ಆಗುತ್ತೆ.

ಆರು ವಾರ

ಕುರುಡಾದ ಗೆಡ್ಡೆಯನ್ನು ಎಸೆಯಬೇಕಿಲ್ಲ. ಅಜ್ಜಿ ಬೇಲಿ ಮೇಲಿಂದ ಟೊಮೆಟೊ ಗಿಡಕ್ಕೆ ಹಾಕುವ ಗೊಬ್ಬರದ ಬಾಟಲಿ ಕೊಟ್ಟರು. ಅದರಲ್ಲಿ ಪೊಟ್ಯಾಶ್ ಜಾಸ್ತಿ, ಗೆಡ್ಡೆಗೆ ಒಳ್ಳೆಯದು. ವಾರಕ್ಕೊಮ್ಮೆ ನೀರಿಗೆ ಬೆರೆಸಿ ಎಲೆ ಹಸಿರಾಗಿರುವವರೆಗೂ ಹಾಕಿದೆ. ಉಳಿದ ಕೆಲಸ ಒಂದೇ, ಮುಟ್ಟದಿರುವುದು. ಇದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ಅದೇ ಜೊಂಡು. ಕೆಲವರು ಎಲೆಗಳನ್ನು ಜಡೆ ಹೆಣೆದು ಗಂಟು ಹಾಕುತ್ತಾರೆ, ನೋಡಲು ಅಚ್ಚುಕಟ್ಟು. ಅದೂ ಕೂಡದು, ಬಿಸಿಲು ತಾಗುವುದು ಕಡಿಮೆ ಆಗುತ್ತೆ. ಈ ಸಲದ ಹುಟ್ಟುಹಬ್ಬವನ್ನು ಊರಿನ ಕಮ್ಯುನಿಟಿ ಹಾಲ್‌ನಲ್ಲಿ ಮಾಡಿದೆವು. ಬಾಡಿಗೆ ಕೊಟ್ಟದ್ದು ಡ್ಯಾಫೋಡಿಲ್ ಲೆಕ್ಕಕ್ಕೆ ಅಂತ ನಮ್ಮವರು ಈಗಲೂ ಆಡಿಕೊಳ್ಳುತ್ತಾರೆ.

ಅವರಿಗೂ ನನಗೂ ಇದೊಂದು ಜಗಳ. ಅವರು ಹಾಸನದ ಪೇಟೆಯವರು. ಅವರ ಪ್ರಕಾರ ಹುಲ್ಲು ಅಂದರೆ ಕ್ರಾಪ್ ಹೊಡೆಸಿದ ತಲೆ ಹಾಗಿರಬೇಕು. ಮೇ ತಿಂಗಳ ಪ್ರತಿ ಶನಿವಾರ ಹುಲ್ಲು ಕೊಯ್ಯುವ ಮೆಷಿನ್ ಹೊರಗೆ ತರುತ್ತಿದ್ದರು. ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಜೂನ್ ಎರಡನೇ ವಾರ ಎಲೆ ಒಣಗಿ ಹುಲ್ಲಿನ ಹಾಗೆ ಬೆಳ್ಳಗಾಯಿತು. ಹಿಡಿದು ಎಳೆದರೆ ಸದ್ದಿಲ್ಲದೆ ಕೈಗೆ ಬಂತು. ಆಗ ಒಂದು ಕಡೆ ಅಗೆದು ನೋಡಿದೆ. ಒಂದು ನೆಟ್ಟಲ್ಲಿ ಮೂರು, ನಾಲ್ಕು. ತಾಯಿಯ ಪಕ್ಕಕ್ಕೆ ಅಂಟಿಕೊಂಡ ಮರಿಗಳು. ಕೆಲವು ಬೆಳ್ಳುಳ್ಳಿ ಎಸಳಿನಷ್ಟು ಸಣ್ಣ. ಇವು ಹೂ ಬಿಡಲು ಇನ್ನೂ ಎರಡು ಮೂರು ವರ್ಷ ಬೇಕು. ಬಿಡಿಸಿ, ನೆರಳಲ್ಲಿ ಆರಿಸಿ, ಸೆಪ್ಟೆಂಬರಿನಲ್ಲಿ ಮತ್ತೆ ನೆಟ್ಟೆ. ಈ ಸಲ ಇನ್ನೂ ಆಳಕ್ಕೆ. ಒಣಗಲು ಬಿಟ್ಟಿದ್ದ ಬುಟ್ಟಿ ಮೇಲೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ದೊಡ್ಡದಾಗಿ ‘ನೀರುಳ್ಳಿ ಅಲ್ಲ’ ಅಂತ ಚೀಟಿ ಅಂಟಿಸಿದ್ದೆ.

ಇದರ ವಿಷದ ಬಗ್ಗೆ ಹೇಳಿದೆನಲ್ಲ, ಅದಕ್ಕೆ ಇನ್ನೊಂದು ಮುಖ ಇದೆ. ಡ್ಯಾಫೋಡಿಲ್‌ನಲ್ಲೇ ಇರುವ ಗ್ಯಾಲಂಟಮಿನ್ ಅನ್ನೋ ವಸ್ತು ಮರೆವಿನ ಕಾಯಿಲೆಗೆ, ಆಲ್ಜೈಮರ್‌ಗೆ, ಔಷಧಿ. ಇಲ್ಲಿಂದ ಉತ್ತರಕ್ಕೆ ಬ್ಲ್ಯಾಕ್ ಮೌಂಟನ್ಸ್ ಗುಡ್ಡಗಳ ಮೇಲೆ ಇದಕ್ಕಾಗಿಯೇ ಡ್ಯಾಫೋಡಿಲ್ ಬೆಳೆಯುತ್ತಾರೆ. ಎತ್ತರದ ಚಳಿ, ಗಾಳಿಯಲ್ಲಿ ಬೆಳೆದದ್ದರಲ್ಲಿ ಅದು ಜಾಸ್ತಿ ಅಂತ. ಹಿತ್ತಲಲ್ಲೂ ಈ ವಿಷದಿಂದ ಒಂದು ಲಾಭ ಉಂಟು. ಅದೇ ಸೆಪ್ಟೆಂಬರಿನಲ್ಲಿ ಪಕ್ಕದಲ್ಲೇ ಹನ್ನೆರಡು ಟ್ಯುಲಿಪ್ ಗೆಡ್ಡೆಯನ್ನೂ ನೆಟ್ಟಿದ್ದೆ. ಅಳಿಲು ಒಂದೂ ಬಿಡದೆ ಕೆದಕಿ ತಿಂದವು. ಡ್ಯಾಫೋಡಿಲ್ ಒಂದನ್ನೂ ಮುಟ್ಟಲಿಲ್ಲ. ಅವೂ ಅಮ್ಮನ ಹಾಗೆ ಮೂಸಿ ನೋಡಿರಬೇಕು.

ಈಗ ಫೆಬ್ರವರಿ. ಎಲೆ ಗೇಣುದ್ದ ಬಂದಿದೆ. ಹೂ ಬರುತ್ತೋ ಇಲ್ಲವೋ ಅಂತ ಮೊದಲೇ ತಿಳಿಯುವ ಒಂದು ಉಪಾಯ ಇದೆ. ಎಲೆಗಳು ಜೊತೆಗೂಡಿ ನಿಂತಿರುವ ಬುಡವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ ನೋಡಬೇಕು. ಬರೀ ಎಲೆ ಆದರೆ ಚಪ್ಪಟೆ, ಮೆತ್ತಗೆ. ಮೊಗ್ಗಿದ್ದರೆ ಒಳಗೊಂದು ಗಟ್ಟಿ ಉಬ್ಬು ಸಿಗುತ್ತೆ. ಮೊನ್ನೆ ಭಾನುವಾರ ಬೆಳಿಗ್ಗೆ ಮಂಡಿಯೂರಿ ಕೂತು ಒಂದೊಂದೇ ಒತ್ತಿ ನೋಡಿದೆ. ಪ್ಯಾಂಟು ಮಂಡಿವರೆಗೂ ಒದ್ದೆ. ಆಮೇಲೆ ಅಮ್ಮನಿಗೆ ಫೋನು.

“ಹೊಡೆ ಬಂತಾ?” ಅಂತ ಕೇಳಿದಳು. ಭತ್ತದ ತೆನೆ ಒಳಗೆ ತುಂಬಿ ದಂಟು ಉಬ್ಬುತ್ತಲ್ಲ, ಅದಕ್ಕೆ ಹೇಳುವ ಮಾತು.

“ಇಪ್ಪತ್ತಮೂರಕ್ಕೆ ಬಂದಿದೆ ಅಮ್ಮ.”

“ಉಳಿದದ್ದು?”

“ಬರೀ ಎಲೆ.”

“ಬರ್ಲಿ. ಎಲೆ ಬಂದ್ರೆ ಆಯ್ತಲ್ಲ.” ಹೇಳಿ ಅವಳ ಡೇರೆ ಗೆಡ್ಡೆಯ ಕಥೆ ಶುರು ಮಾಡಿದಳು. ಮರಳಿನಲ್ಲಿಟ್ಟದ್ದಕ್ಕೆ ಇಲಿ ಬಿದ್ದು ಕೆಂಪು ಬಣ್ಣದ್ದು ಪೂರ್ತಿ ಹೋಗಿದೆಯಂತೆ. ಕೊಪ್ಪದ ಚಿಕ್ಕಮ್ಮನ ಹತ್ತಿರ ಇದೆ, ಕೇಳಬೇಕು. ಆದರೆ ಅವಳು ಹೋದ ವರ್ಷ ಕೊಡುತ್ತೇನೆ ಅಂದು ಕೊಟ್ಟಿರಲಿಲ್ಲ. ಮುಕ್ಕಾಲು ಗಂಟೆ ಇದೇ ಮಾತು.

ನಾನು ಫೋನಿನಲ್ಲಿರುವಾಗ ನಮ್ಮವರು ಶೆಡ್ಡಿನ ಸಾಮಾನೆಲ್ಲ ಹೊರಗೆ ಹಾಕಿ ಏನೋ ಹುಡುಕುತ್ತಿದ್ದರು. ಹುಲ್ಲು ಕೊಯ್ಯುವ ಮೆಷಿನ್ನಿನ ವೈರು ಕಾಣಿಸುತ್ತಿಲ್ಲವಂತೆ. ಅದು ಎಲ್ಲಿದೆ ಅಂತ ನನಗೆ ಗೊತ್ತು. ಜೂನ್‌ನಲ್ಲಿ ಹೇಳುತ್ತೇನೆ.